ಮಯಸಭಾಕ್ಕ ಚೀಲ ಹೊತ್ತ ಬೂದೆಪ್ಪ

ನನ್ನ ತಮ್ಮ ಬೂದೆಪ್ಪ ಮಾತು ಕಡಿಮಿ ಮನುಷ್ಯಾ ಅಂತ ಇಲ್ಲಿ ಹೈದರಾಬಾದಿನ ಮಣಿಕೊಂಡದಾಗ ಎಲ್ಲಾರೂ ಅಂತಾರ. ಅವರಿಗೇನು ಗೊತ್ರಿ! ಸೇಡಂ ಕಡೆ ನಮ್ಮೂರಾಗ ದೊಡ್ಡಾಟ ಅಂದ್ರ ದುರ್ಯೋಧನ ಇವನೇ. ಕಿರೀಟ ಹಾಕ್ಕೊಂಡು ಬಂದು ನಿಂತ್ರ ಆಟ ನಡಸೂ ಸಾರಥಿ ಕೈಮುಗದು ತಾವು ಯಾರು, ಯಾವ ದೇಶದವರು ಅಂತ ಕೇಳಬೇಕು. ಕೇಳೂತನಾ ಪಾತ್ರ ಬಾಯಿ ತೆರಿಯೂ ಹಂಗಿಲ್ಲ, ಪದ್ಧತಿನೇ ಹಂಗ. ಕೇಳಿದ್ರ ಸಾಕು, ನನ್ನ ತಮ್ಮ ಹಸ್ತಿನಾಪುರದಿಂದ ಹಿಡದು ವಂಶಾನೆಲ್ಲಾ ಹೇಳಾಂವ. ಮಲಗಿದ ಕೂಸುಗಳು ಎದ್ದು ಅಳ್ತಿದ್ವು.

ಹೈದರಾಬಾದಿಗೆ ಬಂದ ಮ್ಯಾಲೆ ಅದೆಲ್ಲಾ ಹೋತು. ಕಂಪ್ಯೂಟರ್ ಕಂಪನಿ ಕಟ್ಟಡ ಒಂದರ ಹಿಂದ ಒಂದು ಏಳಾಕತ್ತಿದ್ವು, ಇಂವ ಅವುಕ್ಕ ಸಿಮೆಂಟ್ ಚೀಲ ಹೊರಾಕತ್ತಿದ್ದ. ಸಂಜಿ ಬಂದು ಗ್ವಾಡಿಗೆ ಒರಗಿದ್ರ ರೊಟ್ಟಿ ಮುರಿಯಾಕೂ ಕೈ ಏಳ್ತಿರಲಿಲ್ಲ.

ನಾ ಪಾತ್ರಿ ತಿಕ್ಕೂ ಮನಿಯಾಗ ಸುವರ್ಣಾ ಅಂತ ಡ್ಯಾನ್ಸ್ ಟೀಚರ್ ಇದ್ರು, ಬೀದರ ಕಡಿಯವ್ರು. ಜರ್ಮನಿಯಿಂದ ಬಂದಾಕಿ ಒಬ್ಬಾಕಿ ಜೋಡಿ ಕೂಡಿ ಮಹಾಭಾರತ ಹೊಸಾ ನಮೂನಿ ಕುಣಿಸಾಕತ್ತಿದ್ರು. ಪಾಂಡವರ ಮಯಸಭಾ ಮಯ ಕಟ್ಟಿದ್ದು ಖರೆ, ಕಲ್ಲು ಹೊತ್ತವ್ರು ಯಾರು ಅಂತ ಅವರ ಆಟ. ನಾನೇ ಬಾಯಿ ಬಿಟ್ಟು ನನ್ನ ತಮ್ಮ ದೊಡ್ಡಾಟದ ದುರ್ಯೋಧನ ಅಂದ್ನಿ. ಕರಕೊಂಡು ಬಾ ಗದಿಗೆಮ್ಮ ಅಂದ್ರು. ಬೂದೆಪ್ಪನ ಮಕದಾಗ ಎಷ್ಟೋ ವರ್ಷದ ಮ್ಯಾಲೆ ಕಳಿ ಬಂತು, ಮೀಸಿ ತಿದ್ದಿಸ್ಕೊಂಡು ಬಂದ.

ಹೋದ್ರ, ದುರ್ಯೋಧನ ಆಗಾಕ ಪರದೇಶದ ಹುಡುಗ ಇದ್ದ. ಅದೂ ಮಾತಿಲ್ಲದ ಕುಣಿತ. ಜರ್ಮನಿಯಾಕಿ ನನ್ನ ತಮ್ಮನ ನಡಿಗಿ ನೋಡಿ ಭಾಳ ಮೆಚ್ಚಿ, ನೀ ಚೀಲ ಹೊರಾಂವ ಆಗು ಅಂದ್ಲು. ಹಗಲೆಲ್ಲಾ ಹೊತ್ತು ಸಂಜಿಗೂ ಹೊರೂದು! ನನಗ ಸಿಟ್ಟು ನೆತ್ತಿಗೇರ್ತು, ಬಿಟ್ಟು ಬಾರೋ ಅಂದ್ನಿ. ಇಂವ ಕೇಳಲಿಲ್ಲ.

"ರಂಗದ ಮ್ಯಾಲೆ ಹೋದ್ರ ಯಾರರ ಕೇಳೇ ಕೇಳ್ತಾರಕ್ಕಾ, ನೀ ಯಾರಂತ. ಅವತ್ತು ಹೇಳ್ತೀನಿ" ಅಂದ.

ಆಟದ ದಿನ ನಾನೂ ಹೋಗಿ ಹಿಂದ ಕುಂತ್ನಿ. ಚೀಲ ಹೊತ್ತವ್ರು ಬರೂದು, ಇಳಸೂದು, ಹೋಗೂದು. ಬೂದೆಪ್ಪ ಬಂದಾಂವ ನಟ್ಟನಡುವ ನಿಂತಬಿಟ್ಟ. ಹೆಗಲ ಮ್ಯಾಲೆ ಚೀಲ, ಎದಿ ಸೆಟಸ್ಯಾನ. ಸಾರಥಿ ಕೇಳಲಿ ಅಂತ ಕಾಯಾಕತ್ತಾನ ಅಂತ ನನಗ ತಿಳೀತು. ಮಳ್ಳ, ಅಲ್ಲಿ ಸಾರಥಿ ಎಲ್ಲಿಂದ ಬರಬೇಕು? ಕುಣಿಯೋರು ಅವನ್ನ ಸುತ್ತಿ ಹಾಯ್ದು ಹೋದ್ರು. ಸುವರ್ಣಾ ಬಾಯಾರು ಪರದಿ ಮರಿಯಿಂದ ಬಾಜೂಕ ಸರಿ ಅಂತ ಕೈ ಮಾಡಾಕತ್ತಿದ್ರು. ನನಗ ತಡಿಲಿಲ್ಲ. ಅಷ್ಟು ದೊಡ್ಡ ಮಂದಿ ನಡುವ ಎದ್ದು ನಿಂತು ಒದರಿದ್ನಿ:

"ತಾವು ಯಾರು? ಯಾವ ದೇಶದವರು?"

ಬೂದೆಪ್ಪ ನನ್ನ ಕಡೆ ತಿರುಗಿ ಬಾಯಿ ತೆರೆದ. ಹಸ್ತಿನಾಪುರ ಬರ್ತೈತಿ ಅಂತ ನಾ ಉಸಿರು ಹಿಡದು ನಿಂತೀನಿ.

"ಕೂಲ್ಯಾಂವ್ರಿ" ಅಂದ. "ಚೀಲ ಹೊರಾಂವ."

ಹಾಲ್ ತುಂಬ ಚಪ್ಪಾಳಿ. ಜರ್ಮನಿಯಾಕಿ ಓಡಿ ಬಂದು ನನ್ನ ತಬ್ಬಿಕೊಂಡು, ದಿನಾ ಹಿಂಗ ಮಾಡೂಣು ಅಂದ್ಲಂತ, ಸುವರ್ಣಾ ಬಾಯಾರು ಕನ್ನಡದಾಗ ತಿಳಿಸಿದ್ರು. ನಾ ಕೊಡವಿಕೊಂಡು ಹೊರಗ ಬಂದ್ನಿ. ಬಸ್‌ಸ್ಟಾಪಿನ್ಯಾಗ ಕುಂತಿದ್ದ ತಮ್ಮನ್ನ, ಹೇಳ್ತೀನಿ ಅಂದಿದ್ದಿಯಲ್ಲೋ, ಯಾಕ ಹೇಳಲಿಲ್ಲ ಅಂತ ಜಬರಿಸಿ ಕೇಳಿದ್ನಿ.

"ದುರ್ಯೋಧನನ್ನ ಭಾಳ ಹುಡುಕಿದ್ನಿ ಅಕ್ಕಾ" ಅಂದ. "ಒಳಗ ಅಂವ ಇರಲಿಲ್ಲ."

ನಮ್ಮವ್ವ ಸತ್ತಾಗೂ ನಾ ಅಷ್ಟು ಅತ್ತಿರಲಿಲ್ರಿ.