ಶೆಟ್ಟೆವ್ವನ ಎರಡು ವಾರ

ಔಷಧಿ ಅಂಗಡಿಯವನ ಬಾಯಿ ಎಷ್ಟು ಸವೆಯುತ್ತದೆ ಎಂದು ಗಿರಾಕಿಗಳಿಗೆ ಗೊತ್ತಿಲ್ಲ. ಮೂವತ್ತೊಂದು ವರ್ಷದಿಂದ ಎಂ.ಕೆ. ಹುಬ್ಬಳ್ಳಿಯ ಬಸ್ ಸ್ಟ್ಯಾಂಡ್ ಹತ್ತಿರ ‘ಅಂದಾನೆಪ್ಪ ಮೆಡಿಕಲ್ಸ್’ ಎಂದು ನನ್ನದೇ ಹೆಸರಿನ ಬೋರ್ಡಿನ ಕೆಳಗೆ ಕೂತು, ಇದು ಉಂಡ ಮೇಲೆ, ಇದು ಉಣ್ಣುವುದಕ್ಕೆ ಮೊದಲು ಎಂದು ಹೇಳಿ ಹೇಳಿ ನನ್ನ ಸಿಟ್ಟು ಮೂಗಿನ ತುದಿಗೆ ಬಂದು ಅಲ್ಲೇ ಮನೆ ಮಾಡಿಕೊಂಡಿದೆ. ಜನ ತಲೆಯಾಡಿಸಿ ಮನೆಗೆ ಹೋಗಿ ತಮಗೆ ತೋಚಿದ್ದು ಮಾಡುತ್ತಾರೆ. ತಪ್ಪು ಯಾವಾಗಲೂ ಅವರದೇ ಎಂದು ನಂಬಿದ್ದೆ. ಆ ನಂಬಿಕೆಯನ್ನು ಶೆಟ್ಟೆವ್ವ ಕೆಡಿಸಿದಳು.

ಶೆಟ್ಟೆವ್ವ ಎಂದರೆ ನಮ್ಮೂರಿನಲ್ಲಿ ರೊಟ್ಟಿ. ಗಂಡ ತೀರಿಕೊಂಡಾಗ ನೇಸರಗಿಯ ಅಣ್ಣ ಸತ್ಯಪ್ಪ ಒಂದು ಒಲೆ, ಒಂದು ಹಂಚು, ಆರು ತಾಟು ಕೊಡಿಸಿ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಖಾನಾವಳಿ ಹಾಕಿಕೊಟ್ಟ. ಹತ್ತೊಂಬತ್ತು ವರ್ಷದಲ್ಲಿ ಕಬ್ಬಿನ ಲಾರಿಯ ಡ್ರೈವರುಗಳಿಂದ ಹಿಡಿದು ಕಾರ್ಖಾನೆಯ ಕೆಮಿಸ್ಟ್‌ವರೆಗೆ ಎಲ್ಲರೂ ಅವಳ ಕೈಯ ರೊಟ್ಟಿ ತಿಂದರು. ಬಾಯಿ ಜೋರು. ತಾಟಿನಲ್ಲಿ ಬಿಟ್ಟು ಏಳುವವನ ಹೆಗಲು ಹಿಡಿದು ಮತ್ತೆ ಕೂರಿಸುವವಳು.

ಆ ಕೆಮಿಸ್ಟ್ ಮಹಾಂತಪ್ಪ ಸಾಹೇಬರು ಮೂರು ವರ್ಷದ ಹಿಂದೆ ಉಗಾಂಡಾದ ಒಂದು ಸಕ್ಕರೆ ಕಾರ್ಖಾನೆಗೆ ಹೋದರು. ಅಲ್ಲಿ ನಮ್ಮ ಕಡೆಯವರೇ ನಲವತ್ತು ಮಂದಿ, ಎಲ್ಲರಿಗೂ ರೊಟ್ಟಿಯದೇ ಚಿಂತೆ. ಹೋದ ವರ್ಷ ಸಾಹೇಬರು ಶೆಟ್ಟೆವ್ವನಿಗೆ ಫೋನ್ ಮಾಡಿ, ಎರಡು ವರ್ಷ ಬಂದು ನಮ್ಮ ಮೆಸ್ ನೋಡಿಕೊಳ್ಳುತ್ತೀಯಾ, ಹೋಗಿ ಬರುವ ಖರ್ಚೆಲ್ಲ ಕಂಪನಿಯದು ಎಂದು ಕೇಳಿದರು. ಅವಳು ಫೋನ್ ಇಡುವ ಮೊದಲೇ ಒಪ್ಪಿದ್ದಳು. ನಲವತ್ತೆಂಟು ವರ್ಷದ ಹೆಂಗಸು, ಈ ಕಡೆ ಬೆಳಗಾವಿ ಆ ಕಡೆ ಸವದತ್ತಿ ಗುಡ್ಡ ಬಿಟ್ಟರೆ ಬೇರೆ ಊರು ಕಂಡವಳಲ್ಲ. ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಪಾಸ್‌ಪೋರ್ಟ್ ತೋರಿಸುವಾಗ ಮುಖ ಊರಗಲ ಆಗಿತ್ತು.

ಬೇಡ ಎಂದವನು ಸತ್ಯಪ್ಪ ಒಬ್ಬನೇ. ಅವನಿಗೂ ಕಾರಣವಿತ್ತು. ಹರೆಯದಲ್ಲಿ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಮಲೇರಿಯಾ ಹತ್ತಿಸಿಕೊಂಡು ಬಂದಿದ್ದ. ಮೂರು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದುದನ್ನು ನಾನೇ ನೋಡಿದ್ದೇನೆ. ಆಫ್ರಿಕಾದ ಮಲೇರಿಯಾ ಇನ್ನೂ ಕೆಟ್ಟದ್ದು ಎಂದು ಯಾರೋ ಅವನ ಕಿವಿ ಊದಿದ್ದರು, ಅದು ಸುಳ್ಳೂ ಅಲ್ಲ. ಕೊನೆಗೆ ಅಣ್ಣ ತಂಗಿ ಒಂದು ಮಾತಿಗೆ ಬಂದರು. ಜ್ವರ ಬರದಂತೆ ತಡೆಯುವ ಗುಳಿಗೆ ಇದೆಯಂತೆ; ಅದು ಮೈಗೆ ಒಗ್ಗಿದರೆ ಹೋಗುವುದು, ಒಗ್ಗದಿದ್ದರೆ ಪಾಸ್‌ಪೋರ್ಟ್ ಟ್ರಂಕಿನ ತಳಕ್ಕೆ. ಶೆಟ್ಟೆವ್ವ ಮಾತು ಕೊಟ್ಟಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ, ಕಷ್ಟ ಇದ್ದದ್ದೇ ಅಲ್ಲಿ.

ಬೆಳಗಾವಿಯಲ್ಲಿ ಸ್ನೇಹಲ್ ಎಂಬ ಲೇಡಿ ಡಾಕ್ಟರ್ ಇದ್ದಾರೆ, ಹೊರದೇಶಕ್ಕೆ ಹೋಗುವವರನ್ನು ನೋಡುತ್ತಾರೆ. ಮೂರ್ಛೆ ಬರುತ್ತಿತ್ತೇ, ಮನಸ್ಸಿನ ಕಾಯಿಲೆ ಏನಾದರೂ ಇತ್ತೇ, ಎದೆಬಡಿತ ಸರಿಯಿದೆಯೇ ಎಂದು ಎಲ್ಲ ಪರೀಕ್ಷೆ ಮಾಡಿ, ಮೂರು ಗುಳಿಗೆಗಳಲ್ಲಿ ಯಾವುದಾದರೂ ನಿನಗೆ ನಡೆಯುತ್ತದೆ, ವಿಚಾರ ಮಾಡಿ ಹೇಳು ಎಂದು ಕಳಿಸಿದರು. ವಿಚಾರ ಮಾಡಲು ಅವಳು ಬಂದದ್ದು ನನ್ನ ಕೌಂಟರಿಗೆ.

ನಾನು ಬಿಡಿಸಿ ಹೇಳಿದೆ. ಮೊದಲನೆಯದು ದಿನಾಲೂ ನುಂಗುವುದು, ಅಗ್ಗ, ಆದರೆ ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ, ನುಂಗಿದ ಕೂಡಲೇ ಅಡ್ಡಾದರೆ ಎದೆ ಉರಿಯುತ್ತದೆ. ಎರಡನೆಯದೂ ದಿನಾಲೂ, ಮೈಗೆ ಹಗುರ, ಎರಡು ವರ್ಷಕ್ಕೆ ಕೊಳ್ಳಬೇಕೆಂದರೆ ಬಲು ತುಟ್ಟಿ. ಮೂರನೆಯದು ವಾರಕ್ಕೊಂದು. ಕೆಲವರಿಗೆ ಅದರಿಂದ ತಲೆ ತಿರುಗುತ್ತದೆ, ಕೆಟ್ಟ ಕನಸು ಬೀಳುತ್ತವೆ. ಅದಕ್ಕೇ ಹೊರಡುವ ಮೂರು ವಾರ ಮೊದಲೇ ಶುರು ಮಾಡಿ ನೋಡಬೇಕು. ನನ್ನ ಮಾತು ಮುಗಿಯುವಷ್ಟರಲ್ಲಿ ಅವಳ ಬೆರಳು ಮೂರನೆಯದರ ಮೇಲಿತ್ತು.

“ದಿನಾ ಅಂದ್ರ ರೊಟ್ಟಿ ಬಡಿಯೂ ಗದ್ದಲದಾಗ ಮರೀತೇನ್ರಿ, ಅಣ್ಣಾರ. ವಾರ ಅಂದ್ರ ಹಂಗಲ್ಲ. ಹತ್ತೊಂಬತ್ತ ವರ್ಷ ಆತು, ಒಂದ ಸೋಮವಾರ ತಪ್ಪಿಸಿಲ್ಲ.”

“ಹಂಗಾದ್ರ ಸೋಮವಾರನ ನುಂಗು,” ಎಂದೆ ನಾನು, ಭಾರಿ ಶಾಣ್ಯಾನ ಹಾಗೆ. “ಏನ ಆಗಲಿ, ವಾರ ತಪ್ಪಿಸಬ್ಯಾಡ.”

ಡಾಕ್ಟರಿಗೆ ಫೋನ್ ಹಚ್ಚಿದೆ, ಅವರು ಒಪ್ಪಿ ಚೀಟಿ ಕಳಿಸಿದರು. ಅಷ್ಟರಲ್ಲಿ ಲಾರಿ ಡ್ರೈವರೊಬ್ಬ ಕೆಮ್ಮುತ್ತ ಬಂದು ಶೆಟ್ಟೆವ್ವನ ಹಿಂದೆ ನಿಂತ. ನಾನು ಗಡಿಬಿಡಿಯಲ್ಲಿ ಪಾಕೀಟು ಕಟ್ಟಿ ಅವಳ ಕೈಗಿಟ್ಟೆ.

ಮೊದಲ ಸೋಮವಾರ ಬೆಳಗಿನ ಎಂಟಕ್ಕೆ ನುಂಗಿದಳು, ಒಂಬತ್ತಕ್ಕೆ ವಾಂತಿ. ಖಾನಾವಳಿಯ ಬಾಗಿಲು ಆ ದಿನ ಮುಚ್ಚಿತು. ಎರಡನೆಯ ಸೋಮವಾರ ಹತ್ತೇ ನಿಮಿಷಕ್ಕೆ ಎಲ್ಲ ಹೊರಗೆ ಬಂತು, ತಲೆ ಗಿರ್ ಎಂದು ಗೋಡೆ ಹಿಡಿದು ಕೂತಳು. ಸತ್ಯಪ್ಪ ಅದೇ ಹೊತ್ತಿಗೆ ನೇಸರಗಿಯಿಂದ ಬಂದವನು ಕಣ್ಣಾರೆ ನೋಡಿದ. ಖಾನಾವಳಿಯ ಹಿಂದಿನ ಕೋಣೆಗೆ ಹೋಗಿ ಪಾಸ್‌ಪೋರ್ಟ್ ತೆಗೆದು ಟ್ರಂಕಿನ ತಳಕ್ಕೆ ಹಾಕಿ ಬೀಗ ಜಡಿದ.

ಮಂಗಳವಾರ ಶೆಟ್ಟೆವ್ವ ಉಳಿದ ಗುಳಿಗೆ ಹಿಡಿದು ನನ್ನ ಅಂಗಡಿಗೆ ಬಂದಳು. ಯಾರಿಗಾದರೂ ಕೊಡಿ ಎಂದಳು. ಅವಳ ಜೋರು ಬಾಯಿಯಲ್ಲಿ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ. ಆದರೆ ನನಗೆ ಸಂಕಟವಾದರೂ ಹೊರಗೆ ಬರುವುದು ಸಿಟ್ಟೇ. ಸರಿಯಾಗಿ ನುಂಗಿರಲಿಕ್ಕಿಲ್ಲ ಎಂದು ಗದರಿದೆ. ನುಂಗುವುದರಲ್ಲಿ ಸರಿ ತಪ್ಪು ಏನಿದೆ, ಜಳಕ ಮಾಡಿ, ಪೂಜೆ ಮುಗಿಸಿ, ತೀರ್ಥದ ಹಾಗೆ ಒಂದು ಗುಟುಕು ನೀರಿನಲ್ಲಿ ನುಂಗಿದೆ ಎಂದಳು.

“ಅದಕ್ಕೂ ಮದಲ ಏನ ತಿಂದಿದ್ದಿ?”

ಅವಳು ನನ್ನನ್ನು ಅರೆಹುಚ್ಚನ ಹಾಗೆ ನೋಡಿದಳು. “ವಾರದ ದಿನ ಯಾರರ ತಿಂತಾರೇನ್ರಿ?”

ನಾನು ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ನಮ್ಮ ಕಡೆ ವಾರ ಎಂದರೆ ಏಳು ದಿನ ಅಷ್ಟೇ ಅಲ್ಲ, ಉಪವಾಸದ ದಿನ. ನನ್ನ ಹೆಂಡತಿಯದು ಶುಕ್ರವಾರ, ನನ್ನ ತಾಯಿಯದು ಮಂಗಳವಾರ ಇತ್ತು. ಸೋಮವಾರ ತಪ್ಪಿಸಿಲ್ಲ ಎಂದು ಅವಳು ಹೇಳಿದ್ದು ಸಂಜೆಯವರೆಗೆ ಹೊಟ್ಟೆಗೆ ಏನೂ ಹಾಕದ ವ್ರತದ ಮಾತು. ಹೊಟ್ಟೆ ತುಂಬ ಉಂಡು, ದೊಡ್ಡ ಲೋಟದ ನೀರಿನಲ್ಲಿ ನುಂಗಬೇಕಾದ ಗುಳಿಗೆಯನ್ನು ಖಾಲಿ ಹೊಟ್ಟೆಯ ದಿನವೇ ನುಂಗು ಎಂದು ಹೇಳಿದವನು ನಾನು. ಡಾಕ್ಟರ್ ಚೀಟಿಯಲ್ಲಿ ಊಟದ ನಂತರ ಎಂದು ಇಂಗ್ಲಿಷಿನಲ್ಲಿ ಬರೆದೇ ಇದ್ದರು. ಓದಿ ಹೇಳಬೇಕಾದವನಿಗೆ ಕೆಮ್ಮಿನ ಗಿರಾಕಿ ಹೆಚ್ಚಾಗಿದ್ದ.

ತಪ್ಪಾಯಿತು ಎಂದು ಗಿರಾಕಿಯ ಎದುರು ಹೇಳಿದ್ದು ಅದೇ ಮೊದಲು. ಶೆಟ್ಟೆವ್ವ ಬಸ್ ಸ್ಟ್ಯಾಂಡಿನವರೆಗೆ ಕೇಳಿಸುವ ಹಾಗೆ ನಕ್ಕಳು. ಡಾಕ್ಟರಿಗೂ ಫೋನಿನಲ್ಲಿ ನಗು ತಡೆಯಲಾಗಲಿಲ್ಲ. ಹತ್ತೇ ನಿಮಿಷಕ್ಕೆ ವಾಂತಿಯಾಗಿದ್ದರೆ ಗುಳಿಗೆ ಹೊಟ್ಟೆಯಲ್ಲಿ ನಿಂತೇ ಇಲ್ಲ, ನಾಳೆ ಬುಧವಾರ ಚೆನ್ನಾಗಿ ಉಂಡು ಇನ್ನೊಂದು ನುಂಗಲಿ, ಇನ್ನು ಮುಂದೆ ಬುಧವಾರವೇ ಇರಲಿ ಎಂದರು. ಆಗಲೂ ತಲೆ ತಿರುಗಿದರೆ ಬೇರೆ ಗುಳಿಗೆ ನೋಡೋಣ ಎಂದೂ ಸೇರಿಸಿದರು. ಆದರೆ ಸತ್ಯಪ್ಪ ಬೇರೆ ಗುಳಿಗೆಯವರೆಗೆ ಕಾಯುವ ಮನುಷ್ಯನಲ್ಲ. ಬುಧವಾರವೇ ಕಡೆಯ ಅವಕಾಶ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬುಧವಾರ ಅಂಗಡಿಗೆ ಬೀಗ ಹಾಕಿ ಖಾನಾವಳಿಗೆ ಹೋದೆ. ಸತ್ಯಪ್ಪ ಕಂಬಕ್ಕೆ ಒರಗಿ ಕೂತಿದ್ದ. ಶೆಟ್ಟೆವ್ವ ತಾನೇ ಬಡಿದ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿಕೊಂಡು ನಮ್ಮಿಬ್ಬರ ಎದುರು ಉಂಡಳು. ಮೂರನೆಯ ರೊಟ್ಟಿಗೆ ಸಾಕು ಎಂದಾಗ ನಾನು ಅವಳ ಹಾಗೆಯೇ ಗದರಿ ಇನ್ನರ್ಧ ತಿನ್ನಿಸಿದೆ. ಗುಳಿಗೆ ನುಂಗಿ, ತಂಬಿಗೆ ನೀರು ಕುಡಿದಳು.

ಹತ್ತು ನಿಮಿಷ ಆಯಿತು. ಅರ್ಧ ಗಂಟೆ ಆಯಿತು. ಎರಡು ಗಂಟೆಯಾದ ಮೇಲೆ ಶೆಟ್ಟೆವ್ವ, ನಿಮ್ಮ ಮುಖ ನೋಡುತ್ತ ಕೂತರೆ ಸಂಜೆಯ ರೊಟ್ಟಿ ಯಾರು ಮಾಡುತ್ತಾರೆ ಎಂದು ಎದ್ದು ಹಿಟ್ಟು ನಾದತೊಡಗಿದಳು.

ಸತ್ಯಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. “ಗುಳಿಗಿ ಒಗ್ಗಬಾರದು ಅಂತ ಬೇಡಕೊಂಡಿದ್ದೆ, ಅಂದಾನೆಪ್ಪ. ನನಗಿರೂದು ಇಕಿ ಒಬ್ಬಾಕಿ.” ಅಷ್ಟು ಹೇಳಿ ಟ್ರಂಕಿನ ಬೀಗ ತೆಗೆದು ಪಾಸ್‌ಪೋರ್ಟನ್ನು ತಂಗಿಯ ಹಿಟ್ಟಿನ ಕೈಯಲ್ಲಿ ಇಟ್ಟ. ಅದರ ಮೇಲೆ ಈಗಲೂ ಜೋಳದ ಹಿಟ್ಟಿನ ಐದು ಬೆರಳು ಇರಬೇಕು.

ಮುಂದಿನ ಬುಧವಾರವೂ ಒಗ್ಗಿತು. ಕನಸು ಬೀಳುತ್ತವೆಯೇ ಎಂದು ಡಾಕ್ಟರ್ ಕೇಳಿದರು. ಲಾರಿಯ ಗಾಲಿಯಷ್ಟು ದೊಡ್ಡ ರೊಟ್ಟಿ ಉಬ್ಬುವುದನ್ನು ಕಂಡೆ ಎಂದಳು. ಹೆದರಿಕೆಯಾಯಿತೇ ಎಂದರೆ, ಹಸಿವಾಯಿತು ಎಂದಳು. ಸೊಳ್ಳೆಪರದೆ ಬಿಡಬೇಡ, ಗುಳಿಗೆ ನುಂಗುತ್ತಿದ್ದರೂ ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸು ಎಂದು ಹೇಳಿ ಡಾಕ್ಟರ್ ಬೀಳ್ಕೊಟ್ಟರು.

ಶೆಟ್ಟೆವ್ವ ಹೋಗಿ ಎಂಟು ತಿಂಗಳಾಯಿತು. ಅಲ್ಲಿ ಅರ್ಧ ಜನ ಉದಾಸೀನ ಮಾಡಿ ಗುಳಿಗೆ ಬಿಟ್ಟಿದ್ದರಂತೆ. ಅವರನ್ನು ಅಲ್ಲಿನ ಡಾಕ್ಟರ ಮುಂದೆ ಸಾಲಾಗಿ ನಿಲ್ಲಿಸಿ, ವಾರದ ಗುಳಿಗೆಯವರಿಗೆಲ್ಲ ಬುಧವಾರ ಗೊತ್ತು ಮಾಡಿಸಿದ್ದಾಳೆ. ಗುಳಿಗೆ ತೋರಿಸಿದವನಿಗೆ ಮಾತ್ರ ಹೋಳಿಗೆ. ಮೆಸ್ಸಿನ ಗೋಡೆಯ ಹಲಗೆಯ ಫೋಟೋ ಕಳಿಸಿದ್ದಾಳೆ, ಅವಳದೇ ಸೊಟ್ಟ ಅಕ್ಷರ: ಬುಧವಾರ ವಾರ ಐತಿ, ಹೊಟ್ಟಿ ತುಂಬ ಉಣ್ಣಬೇಕು. ಅವಳ ಸೋಮವಾರದ ಉಪವಾಸವೂ ಅಲ್ಲಿ ನಡೆದೇ ಇದೆ.

ಸತ್ಯಪ್ಪನಿಗೆ ವಿಡಿಯೋ ಕಾಲ್ ಮಾಡಲು ಬರುವುದಿಲ್ಲ. ಪ್ರತಿ ಬುಧವಾರ ಬಸ್ಸು ಹಿಡಿದು ನನ್ನ ಅಂಗಡಿಗೆ ಬರುತ್ತಾನೆ. ಅಲ್ಲಿ ಅವರ ಮಧ್ಯಾಹ್ನದ ಊಟ ಮುಗಿಯುವಾಗ ನಮಗೆ ಮೂರೂವರೆ. ಅವಳು ಖಾಲಿ ತಾಟು ತೋರಿಸುತ್ತಾಳೆ, ನೀ ಉಂಡಿಯಾ ಎಂದು ಕೇಳುತ್ತಾಳೆ, ಇವನು ಹೂಂ ಎನ್ನುತ್ತಾನೆ. ಒಮ್ಮೆ ಫೋನ್ ಇಟ್ಟ ಮೇಲೆ ಅವನು ನನ್ನ ತಂಬಿಗೆಯ ನೀರೆಲ್ಲ ಒಂದೇ ಉಸಿರಿಗೆ ಕುಡಿದದ್ದನ್ನು ಕಂಡು, ಎಷ್ಟೊತ್ತಿಗೆ ಉಂಡೆ ಎಂದು ಗದರಿ ಕೇಳಿದೆ. ಬೆಳಗಿನಿಂದ ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ.

“ಆಕಿ ತಾಟ ನೋಡಿದ ಮ್ಯಾಲ ಉಣ್ಣೂದು,” ಎಂದ. “ಬುಧವಾರ ನಂದೂ ವಾರ.”

ಶೆಟ್ಟೆವ್ವನಿಗೆ ಇದು ಗೊತ್ತಿಲ್ಲ, ಗೊತ್ತಾದರೆ ಅಲ್ಲಿಂದಲೇ ಬೈಯುತ್ತಾಳೆ. ನಾನೂ ಹೇಳಿಲ್ಲ. ಬುಧವಾರ ನನ್ನ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಸಿಕೊಂಡು ಬರುತ್ತೇನೆ. ಮೂರೂವರೆಗೆ ಫೋನ್ ಇಟ್ಟ ಕೂಡಲೇ ಕೌಂಟರಿನ ಹಿಂದೆ ಇಬ್ಬರೂ ಕೂತು ಉಣ್ಣುತ್ತೇವೆ.