ಅರಕಲಗೂಡಿಗೆ ತಲುಪದ ಜ್ವರ

ಹುರುಳಿಕಾಳಿನ ಬಸ್ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹಾಸನದ ಕಾಲೇಜಿನಲ್ಲಿ ಭೌತವಿಜ್ಞಾನ ಓದುವ ಮೊಮ್ಮಗಳು ಪೇಪರು ಹಿಡಿದು ಅಡುಗೆಮನೆಗೇ ಬಂದು ಸಿಡುಕಿದಳು. "ನೋಡಜ್ಜಿ, ಹೆಣೆದುಕೊಂಡ ಜೋಡಿ ಕಣಗಳು ಎಷ್ಟು ದೂರ ಇದ್ರೂ ಕ್ಷಣದಲ್ಲಿ ಸುದ್ದಿ ಕಳಿಸ್ತವಂತೆ. ಬರೀ ಸುಳ್ಳು! ಎರಡೂ ತಾಳೆ ಆಗ್ತವೆ, ನಿಜ. ಆದ್ರೆ ಒಂದನ್ನೇ ನೋಡಿದ್ರೆ ಇನ್ನೊಂದರ ಕಡೆಯಿಂದ ಯಾವ ಸುದ್ದಿನೂ ಸಿಗಲ್ಲ. ಎರಡೂ ಕಡೆ ಕಂಡದ್ದನ್ನ ಪಕ್ಕಪಕ್ಕ ಇಟ್ಟು ನೋಡ್ಬೇಕು. ಅದಕ್ಕೆ ಫೋನೋ ಬಸ್ಸೋ ಬೇಕೇ ಬೇಕು."

ಕಣ ಅಂದರೆ ನನಗೆ ಗೊತ್ತಿರುವುದು ರಾಗಿ ಬಡಿಯುವ ಕಣ. ಆದರೂ ಅವಳ ಮಾತಿಗೆ ನಮ್ಮವ್ವ, ಚಿಕ್ಕವ್ವ ನೆನಪಾದರು ನೋಡಿ.

ಇಬ್ಬರೂ ಅವಳಿ. ಗಳಿಗೆ ಮುಂಚೆ ಹುಟ್ಟಿದ್ದಕ್ಕೆ ಅವ್ವ ಅಕ್ಕನಾದಳು. ಐವತ್ತರ ದಶಕದ ಮಾತು: ಅವ್ವನನ್ನು ಹಳ್ಳಿಮೈಸೂರಿಗೆ ಕೊಟ್ಟಿದ್ದರು, ಚಿಕ್ಕವ್ವನನ್ನು ಅರಕಲಗೂಡಿಗೆ. ತವರಲ್ಲಿ ಸೇರಿದಾಗಲೆಲ್ಲ ತಾಳೆ ನೋಡುವುದೇ ಅವರ ಕೆಲಸ. ಸೋಮವಾರ ಇಲ್ಲಿ ಬಸ್ಸಾರಾದರೆ ಅಲ್ಲೂ ಬಸ್ಸಾರು. ಇವಳ ಕಾಲು ಉಳುಕಿದ ದಿನ ಅವಳ ಕಾಲೂ. ತಾಳೆಯಾಗದ್ದನ್ನು ಇಬ್ಬರೂ ಜಾಣತನದಿಂದ ಮರೆಯುತ್ತಿದ್ದರು, ಅದು ಬೇರೆ ಮಾತು. "ಅವ್ರಿಬ್ರ ಮಧ್ಯ ತಂತಿ ಎಳ್ದದೆ ಕಣ್ಲಾ" ಎಂದು ಊರೇ ಅನ್ನುತ್ತಿತ್ತು. ನಾನೂ ನಂಬಿದ್ದೆ ಬಿಡಿ.

ಒಂದು ಸಲ ಅವ್ವನಿಗೆ ವಿಷಮಶೀತ ಜ್ವರ ಬಂತು. ಎದ್ದು ಕೂರಲೂ ತ್ರಾಣವಿಲ್ಲ. ತಂಗಿ ಬೇಕೆಂಬ ಹಂಬಲ ಮಾತ್ರ ವಿಪರೀತ. ಬಸ್ಸಿನ ಡ್ರೈವರ್ ಕೈಲಿ ಹೇಳಿ ಕಳಿಸುತ್ತೇನೆಂದು ಅಪ್ಪ ಹೊರಟರೆ ತಡೆದಳು. "ಏಳಿಕಳ್ಸೋದು ಬ್ಯಾಡ. ಅವಳ್ಗೆ ಗೊತ್ತಾಯ್ತದೆ, ಬತ್ತಾಳೆ."

ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲು ನೋಡುವಳು. ಚಿಕ್ಕವ್ವ ಬರಲಿಲ್ಲ. ಜ್ವರಕ್ಕಿಂತ ಅದೇ ಅವಳನ್ನು ಹಣ್ಣು ಮಾಡಿತು. ಕೊನೆಗೆ ಗೋಡೆ ಕಡೆ ತಿರುಗಿ, "ಅವಳ್ಗೆ ನಾನು ಬ್ಯಾಡವಾದೆ" ಎಂದು ಗಂಜಿಯನ್ನೂ ಬಿಟ್ಟಳು. ಅಪ್ಪ ತಡೆಯಲಾರದೆ ಡ್ರೈವರಿಗೆ ಹೇಳಿಯೇಬಿಟ್ಟರು. ಸಂಜೆ ಬಸ್ಸಿಗೇ ಚಿಕ್ಕವ್ವ ಬಂದಿಳಿದಳು.

"ನಿಂಗೆ ಗೊತ್ತಾಗ್ಲಿಲ್ವೇನೇ?" ಎಂದು ಅವ್ವ ಅತ್ತಳು.

"ವಾರದಿಂದ ಎದೇಲಿ ಸಂಕಟ ಕಣಕ್ಕಾ, ಅನ್ನ ಸೇರ್ತಿರ್ನಿಲ್ಲ. ಆದ್ರೆ ಅದು ನಿಂದು ಅಂತ ನಂಗೆಂಗೆ ಗೊತ್ತಾಗ್ಬೇಕು? ಅತ್ತೆ ಬೈದುದ್ಕೆ ಅನ್ಕಂಡೆ. ಬಾಯ್ಬುಟ್ಟು ಏಳ್ಬಾರ್ದಾ?" ಚಿಕ್ಕವ್ವ ಗದರುತ್ತಲೇ ಗಂಜಿ ಬಟ್ಟಲು ಹಿಡಿದಳು. ಅವ್ವ ಕುಡಿದಳು.

ಇಷ್ಟು ಹೇಳಿದ್ದೇ ತಡ, ಮೊಮ್ಮಗಳು ಕುಣಿದಳು. "ನಂಟಿತ್ತು, ಸುದ್ದಿ ಹೋಗ್ಲಿಲ್ಲ! ನಮ್ಮ ಪಾಠಾನೂ ಇದೇ ಕಣಜ್ಜಿ!"

ಪಾಠ ಅವಳಿಗಿರಲಿ. ನಾನು ಮಂಡಿನೋವಿನಿಂದ ನರಳುತ್ತಿದ್ದರೂ ಚನ್ನರಾಯಪಟ್ಟಣದ ನನ್ನ ತಂಗಿ ಒಂದು ಮಾತು ವಿಚಾರಿಸಲಿಲ್ಲವೆಂದು ತಿಂಗಳಿಂದ ಮುನಿಸಿಕೊಂಡು ಫೋನ್ ಮಾಡುವುದನ್ನೂ ಬಿಟ್ಟಿದ್ದೆ. ನೋವಿನ ವಿಷಯ ಅವಳಿಗೆ ಹೇಳಿಯೇ ಇಲ್ಲ! ನನ್ನ ಬುದ್ಧಿಗಿಷ್ಟು. ಒಲೆ ಆರಿಸಿ ಫೋನ್ ಮಾಡಿದೆ.

"ಮಂಡಿ ಇಡ್ಕಂಡದೆ ಕಣೇ, ಬಾ" ಅಂದೆ.

ಆ ಕಡೆ ತಂಗಿ ಅಂದಳು: "ನನ್ ಮ್ಯಾಲೆ ಅದೇನ್ ಕ್ವಾಪಾನೋ ಅಂತ ನಾನೂ ತಿಂಗ್ಳಿಂದ ಅಳ್ತಿದ್ದೆ ಕಣಕ್ಕಾ."