ಬಂಡೆ ಬಿರಿಸಿದ ಮೇಲೆ ಇದು ಯಾರ ನೀರು?

ಮಾರ್ಚ್ ಒಂಬತ್ತು, ಬೆಳಿಗ್ಗೆ ಏಳೂ ಕಾಲು. ದೇವಲಾಪುರದ ಆಚೆ ನಮ್ಮ ಹೊಲಕ್ಕೆ ಲಾರಿ ಬಂದ ಹೊತ್ತು ಅದು. ಬತ್ತುತ್ತಿದ್ದ ನಮ್ಮ ಕೊಳವೆಬಾವಿಯೊಳಗಿನ ಬಂಡೆಯನ್ನು ನೀರಿನ ಒತ್ತಡದಿಂದ ಬಿರಿಸುವ ಕೆಲಸ. ಅದು ಫಲಿಸದಿದ್ದರೆ ಎರಡು ಹಸುಗಳನ್ನು ಕೆ.ಆರ್. ಪೇಟೆ ಕಡೆಯವರಿಗೆ ಮಾರುವುದೆಂದು ಅಪ್ಪ ಹೇಳಿಬಿಟ್ಟಿದ್ದ.

ಹಿಂದಿನ ಸಂಜೆ ಮನೆಯವರಿಗೆಲ್ಲ ನಾನೇ ವಿವರಿಸಿದ್ದೆ. ನೆಲದಿಂದ ಎಣ್ಣೆ, ಅನಿಲ ತೆಗೆಯುವವರು ಮಾಡುವುದೂ ಇಂಥದ್ದನ್ನೇ. ಆದರೆ ಅವರು ಬಹಳ ಆಳಕ್ಕೆ ಕೊರೆದು, ಅಲ್ಲಿಂದ ಅಡ್ಡಕ್ಕೆ ತಿರುಗಿಸಿ, ನೀರಿನ ಜೊತೆ ಮರಳು, ರಾಸಾಯನಿಕ ಬೆರೆಸಿ ನುಗ್ಗಿಸುತ್ತಾರೆ. ಬಿರುಕು ಮತ್ತೆ ಮುಚ್ಚಿಕೊಳ್ಳದಂತೆ ಮರಳು ತಡೆಯುತ್ತದೆ; ಬಂಡೆಯಲ್ಲಿ ಸಿಕ್ಕಿಕೊಂಡಿದ್ದ ಎಣ್ಣೆ, ಅನಿಲ ಆ ಸಂದಿನಿಂದ ಮೇಲೆ ಬರುತ್ತವೆ. ನಮ್ಮದಕ್ಕೆ ಬರೀ ನೀರು.

“ಗ್ಯಾಸೇ ಬರ್ಲಿ ಬುಡವ್ವ, ಸಿಲಿಂಡ್ರು ಕಾಯಾದು ತಪ್ತದೆ,” ಎಂದಿದ್ದಳು ಅಜ್ಜಿ.

ಲಾರಿಯವರು ನಮ್ಮ ಮೋಟರು ಮೇಲೆತ್ತಿ, ಮೇಲಿನ ಮಣ್ಣು ಕುಸಿಯದಂತೆ ಇಳಿಸಿದ್ದ ಕೇಸಿಂಗ್ ಪೈಪು ಮುಗಿದು ಗಟ್ಟಿ ಬಂಡೆ ಶುರುವಾದಲ್ಲಿಗೆ ರಬ್ಬರಿನ ಬಿರಡೆ ಇಳಿಸಿ ಉಬ್ಬಿಸಿದರು. ಅದರ ಕೆಳಕ್ಕೆ ಟ್ಯಾಂಕರಿನ ನೀರು ನುಗ್ಗಿಸಿದರು. ಮೀಟರಿನ ಮುಳ್ಳು ಏರುತ್ತಾ ಹೋಗಿ ಒಮ್ಮೆಲೇ ಕುಸಿಯಿತು. ಬಂಡೆ ಬಿರುಕು ಬಿಟ್ಟಿತ್ತು.

ಅಷ್ಟರಲ್ಲಿ ಬದುವಿನಾಚೆಯ ತನ್ನ ತೋಟದಿಂದ ದೊಡ್ಡಪ್ಪ ಕೂಗಿದ. ಅವನ ಬೋರಿಗೆ ಆಟೋ ಸ್ಟಾರ್ಟರ್. ತ್ರೀ ಫೇಸ್ ಕರೆಂಟು ಬಂದೊಡನೆ ಮೋಟರು ತಾನೇ ಓಡುತ್ತದೆ. ನಮ್ಮ ಕಡೆ ಎಲ್ಲರದೂ ಹಾಗೆಯೇ. ಆ ದಿನ ಅದನ್ನು ಆರಿಸಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವನ ಹಿಪ್ಪುನೇರಳೆ ತೋಟಕ್ಕೆ ಎಂದಿನ ತಿಳಿನೀರಿನ ಬದಲು ಕದಡಿದ ಕೆಂಪು ನೀರು ಹರಿಯುತ್ತಿತ್ತು.

“ಲೇ, ನಿನ್ ಟ್ಯಾಂಕರ್ ನೀರು ನನ್ ಸೊಪ್ಪಿಗೆ ಬತ್ತಾ ಅದೆ ಕಣ್ಲಾ!”

“ಕುಡುಸ್ಕೊ ಅಣ್ಣ, ಬಿಲ್ಲು ಕಳಿಸ್ತೀನಿ,” ಎಂದ ಅಪ್ಪ. ನಗಲಿಲ್ಲ. ಎರಡೂ ಬೋರುಗಳ ನಡುವೆ ಬಂಡೆಯೊಳಗೆ ದಾರಿಯಿದೆಯೆಂದು ಅವನಿಗೂ ಅನುಮಾನ ಹುಟ್ಟಿತ್ತು.

ಮೋಟರು ಮತ್ತೆ ಇಳಿಸಿದ ಮೇಲೆ, ಡ್ರಮ್ಮು ತುಂಬಲು ಹಿಡಿಯುವ ಹೊತ್ತನ್ನು ನಾನು ದಿನವೂ ಬರೆದಿಟ್ಟೆ. ಮೊದಲು ಹಿಡಿಯುತ್ತಿದ್ದುದರ ಅರ್ಧ ಹೊತ್ತೇ ಸಾಕಾಗುತ್ತಿತ್ತು. ವಾರ ಕಳೆದರೂ ನೀರು ಕಡಿಮೆಯಾಗಲಿಲ್ಲ. ಅಪ್ಪ ಹಸು ಮಾರುವ ಮಾತು ಬಿಟ್ಟ.

ಆಮೇಲೊಂದು ಬೆಳಿಗ್ಗೆ ಬದು ದಾಟಿ ದೊಡ್ಡಪ್ಪನ ತೋಟಕ್ಕೆ ಹೋದೆ. ಸೊಪ್ಪು ಜೋತುಬಿದ್ದಿತ್ತು. ಸ್ಟಾರ್ಟರ್ ಪೆಟ್ಟಿಗೆಯ ಸ್ವಿಚ್ಚು ಆರಿತ್ತು.

“ಮೋಟ್ರು ಕೆಟ್ಟೋಗದ್ಯಾ ದೊಡ್ಡಪ್ಪ?”

“ಇಲ್ಲ ಕಣಮ್ಮಿ. ನಿಮ್ ಬೋರು ಸುಧಾರುಸ್ಕಳ್ಳಿ ಅಂತ ಆವತ್ತಿಂದ ಆಫ್ ಮಾಡಿವ್ನಿ. ನಿಮ್ಮಪ್ಪಂಗೆ ಏಳ್ಬುಟ್ಟೀಯ!”

ನನ್ನ ವಾರದ ಲೆಕ್ಕವೆಲ್ಲ ಕೆಲಸಕ್ಕೆ ಬಾರದಾಯಿತು. ನಾನು ಅಳೆದದ್ದು ಬಿರುಕಿನಿಂದ ಬಂದ ಹೊಸ ನೀರನ್ನೋ, ದೊಡ್ಡಪ್ಪ ಬಿಟ್ಟುಕೊಟ್ಟ ನೀರನ್ನೋ? ತಡೆಯಲಾಗದೆ ಅಪ್ಪನಿಗೆ ಹೇಳಿದೆ. ಅವನು ಹೋಗಿ ಆ ಸ್ವಿಚ್ಚು ಹಾಕಿ ಬಂದ. ಸಂಜೆ ದೊಡ್ಡಪ್ಪ ಮತ್ತೆ ಆರಿಸಿದ. ಮಾರನೆಯ ದಿನ ಅಪ್ಪ ನಮ್ಮ ಮೋಟರನ್ನೇ ನಿಲ್ಲಿಸಿ ಕುಳಿತ. ಈಗ ಒಬ್ಬರಿಗಾಗಿ ಒಬ್ಬರು ನಿಲ್ಲಿಸುತ್ತಾರೆ. ಇತ್ತ ಹಸುಗಳು ನೀರಿಗೆ ಅರಚುತ್ತವೆ, ಅತ್ತ ಸೊಪ್ಪು ಬಾಡುತ್ತದೆ. ಎರಡನ್ನೂ ಒಟ್ಟಿಗೆ ಓಡಿಸಿ ಅಳೆಯೋಣವೆಂದರೆ ಇಬ್ಬರೂ “ನೋಡಾಣ ಬುಡು” ಎನ್ನುತ್ತಾರೆ. ಬರುವ ಉತ್ತರಕ್ಕೆ ಇಬ್ಬರಿಗೂ ಹೆದರಿಕೆ. ನನಗೂ.

ಹೀಗೆ ಬಂಡೆ ಬಿರಿಸಿದ ಮೇಲೆ ಪಕ್ಕದವರ ಬೋರು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಏನಾಯಿತೆಂದು ಕಂಡವರಿದ್ದರೆ, ಒಮ್ಮೆ ಕೆಂಪು ನೀರು ಬಂದ ಮಾತ್ರಕ್ಕೆ ಎರಡರ ನೀರೂ ಒಂದೇ ಎನ್ನಬಹುದೇ ಎಂದು ಬಲ್ಲವರಿದ್ದರೆ, ದಯವಿಟ್ಟು ನನಗೆ ಬರೆಯಿರಿ.